ಟ್ರಾಂಬೋನ್ ಅತಿಥಿ ಬರುವ ರಾತ್ರಿ: ಅಮೆರಿಕದ ಯೂನಿವರ್ಸಿಟಿ ಬಿಗ್ ಬ್ಯಾಂಡ್ ಕೇಳುವುದು ಹೇಗೆ?

ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದ ನಮ್ಮ ಹುಡುಗ ಹುಡುಗಿಯರು ಕ್ಯಾಂಪಸ್ಸಿನ ಒಂದೇ ಮೂಲೆಯಲ್ಲಿ ಎರಡು ವರ್ಷ ಕಳೆದುಬಿಡುತ್ತಾರೆ. ಲ್ಯಾಬು, ಲೈಬ್ರರಿ, ರೂಮು, ವಾರಕ್ಕೊಮ್ಮೆ ಇಂಡಿಯನ್ ಅಂಗಡಿ. ಅದೇ ಕ್ಯಾಂಪಸ್ಸಿನ ಇನ್ನೊಂದು ಮೂಲೆಯಲ್ಲಿ ಹದಿನೇಳು ಹದಿನೆಂಟು ಜನರ ಜಾಝ್ ಬಿಗ್ ಬ್ಯಾಂಡ್ ಸಂಜೆಯಾದರೆ ನುಡಿಸುತ್ತಿರುತ್ತದೆ. ಎಷ್ಟೋ ಸಲ ಟಿಕೆಟ್ಟೇ ಇರುವುದಿಲ್ಲ. ಮಗನ ಮನೆಗೆ, ಮಗಳ ಮನೆಗೆ ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮಂದಿರಿಗೂ ಇದು ಒಳ್ಳೆ ಸಂಜೆ. ಕರ್ನಾಟಕ ಸಂಗೀತ ಸ್ವಲ್ಪ ಕೇಳಿದ್ದರಂತೂ ಇನ್ನೂ ಒಳ್ಳೆಯದು.

ಟ್ರಾಂಬೋನ್ ಅಂದರೆ ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತಾ ಊದುವ ಹಿತ್ತಾಳೆ ವಾದ್ಯ. ಹೊರಗಿನಿಂದ ಹೆಸರಾಂತ ಟ್ರಾಂಬೋನ್ ಕಲಾವಿದರೊಬ್ಬರು ಬಂದು ವಿದ್ಯಾರ್ಥಿಗಳ ಜೊತೆ ಊದುವ ಕಾರ್ಯಕ್ರಮವನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರ ಕಣ್ಣೂ ಅತಿಥಿಯ ಮೇಲೆ ಇರುತ್ತದೆ. ನೀವು ಒಂದು ಕಣ್ಣನ್ನು ಅವರ ಹಿಂದೆ ಕುಳಿತ ನಾಲ್ಕು ಟ್ರಾಂಬೋನ್ ವಿದ್ಯಾರ್ಥಿಗಳ ಮೇಲೆ ಇಡಿ. ಕಲಿಕೆ ಕಣ್ಣೆದುರೇ ನಡೆಯುವುದನ್ನು ನೋಡಲು ಇಷ್ಟು ಒಳ್ಳೆ ಜಾಗ ಬೇರೆ ಸಿಗುವುದಿಲ್ಲ.

ಮೊದಲು: ಎಲ್ಲಿ, ಯಾವಾಗ ಅಂತ ಹುಡುಕಿ

ನಿಮ್ಮ ಯೂನಿವರ್ಸಿಟಿಯಲ್ಲಿ ಸಂಗೀತ ವಿಭಾಗ ಇದ್ದರೆ ಅದಕ್ಕೊಂದು ಕಾರ್ಯಕ್ರಮಗಳ ಕ್ಯಾಲೆಂಡರ್ ಇದ್ದೇ ಇರುತ್ತದೆ. ಅದರಲ್ಲಿ ‘ಜಾಝ್ ಆರ್ಕೆಸ್ಟ್ರಾ’, ‘ಜಾಝ್ ಆನ್ಸಾಂಬಲ್’, ‘ಲ್ಯಾಬ್ ಬ್ಯಾಂಡ್’ ಅಂತ ಇರುವುದನ್ನೆಲ್ಲ ನೋಡಿ. ಅತಿಥಿ ಕಾರ್ಯಕ್ರಮಗಳು ಸಾಮಾನ್ಯವಾಗಿ ಸೆಮಿಸ್ಟರ್ ಶುರುವಾಗಿ ಕೆಲವು ವಾರ ಕಳೆದ ಮೇಲೆ ಬರುತ್ತವೆ. ಅಂದರೆ ಅಕ್ಟೋಬರ್, ನವೆಂಬರ್, ಇಲ್ಲವೇ ಫೆಬ್ರವರಿಯಿಂದ ಏಪ್ರಿಲ್. ಬ್ಯಾಂಡ್ ಅಷ್ಟರಲ್ಲಿ ಪಳಗಿರಬೇಕಲ್ಲ.

ಟೆಕ್ಸಸ್‌ನಲ್ಲಿ ಇರುವವರಿಗೆ ಅದೃಷ್ಟ ಜಾಸ್ತಿ. ಡಲ್ಲಾಸ್‌ನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದ ಡೆಂಟನ್‌ನಲ್ಲಿ ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಸ್ ಇದೆ. ಜಾಝ್‌ಗೆ ಅಂತಲೇ ಪದವಿ ಕೊಡಲು ಅಮೆರಿಕದಲ್ಲಿ ಮೊದಲು ಶುರು ಮಾಡಿದ್ದು ಇವರು, 1947ರಲ್ಲಿ. ಇಲ್ಲಿ ಬಿಗ್ ಬ್ಯಾಂಡ್ ಒಂದಲ್ಲ, ಹಲವು ಇವೆ. ಯಾವ ಬ್ಯಾಂಡ್ ಎಷ್ಟು ಗಂಟೆಗೆ ಪ್ರಾಕ್ಟೀಸ್ ಮಾಡುತ್ತದೋ ಆ ಗಂಟೆಯೇ ಅದರ ಹೆಸರು. ಎಲ್ಲಕ್ಕಿಂತ ಮೇಲಿನದು ‘ಒನ್ ಓ’ಕ್ಲಾಕ್ ಲ್ಯಾಬ್ ಬ್ಯಾಂಡ್’. 1967ರಲ್ಲಿ ಈ ವಿದ್ಯಾರ್ಥಿಗಳು ಶ್ವೇತಭವನದಲ್ಲಿ ಜಾಝ್‌ನ ಹೆಸರಾಂತ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಅವರಂಥವರ ಜೊತೆ ನುಡಿಸಿದ್ದರು. ಗ್ರ್ಯಾಮಿಗೆ ನಾಮನಿರ್ದೇಶನಗೊಂಡ ಬ್ಯಾಂಡ್ ಇದು. ಟ್ರಾಂಬೋನ್ ಇಷ್ಟಪಡುವವರಿಗೆ ಡೆಂಟನ್ ಇನ್ನೂ ಹತ್ತಿರ. ಬರೀ ಟ್ರಾಂಬೋನ್‌ಗಳದ್ದೇ ಒಂದು ಜಾಝ್ ತಂಡ ಇಲ್ಲಿದೆ, ಹೆಸರು ‘ಯು-ಟ್ಯೂಬ್ಸ್’. 2009ರಿಂದ 2014ರವರೆಗೆ ಒನ್ ಓ’ಕ್ಲಾಕ್ ಬ್ಯಾಂಡನ್ನು ನಡೆಸಿದ ಸ್ಟೀವ್ ವೀಸ್ಟ್ ಸ್ವತಃ ಟ್ರಾಂಬೋನ್ ವಾದಕರು.

ಮಿಷಿಗನ್ ಕಡೆಯವರು ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಕ್ಯಾಲೆಂಡರ್ ನೋಡಬಹುದು. ಅಲ್ಲಿ ಟ್ರಾಂಬೋನ್ ಕಲಿಸುವವರು ಮೈಕಲ್ ಡೀಸ್, ಇವತ್ತಿನ ಒಳ್ಳೆಯ ಜಾಝ್ ಟ್ರಾಂಬೋನ್ ವಾದಕರಲ್ಲಿ ಒಬ್ಬರು. ಅಲ್ಲಿಗೆ ಬರುವ ಅತಿಥಿ ಒಂದು ರಾತ್ರಿ ಊದಿ ಹೋಗುವುದಿಲ್ಲ. ವಾರವಿಡೀ ಉಳಿದು ವಿದ್ಯಾರ್ಥಿಗಳ ಜೊತೆ ಆ ರಾಜ್ಯದ ಬೇರೆ ಊರುಗಳಿಗೂ ಹೋಗುತ್ತಾರೆ. ಇಂಡಿಯಾನಾ ಯೂನಿವರ್ಸಿಟಿಯ ಜಾಝ್ ವಿಭಾಗವನ್ನು ಕಟ್ಟಿ ಬೆಳೆಸಿದ ಡೇವಿಡ್ ಬೇಕರ್ ಕೂಡ ಮೂಲದಲ್ಲಿ ಟ್ರಾಂಬೋನ್‌ನವರು. ದವಡೆಗೆ ಪೆಟ್ಟಾಗಿ ಊದುವುದು ಕಷ್ಟವಾದ ಮೇಲೆ ಚೆಲ್ಲೋ ಹಿಡಿದರು, ಪಾಠ ಮಾತ್ರ ಬಿಡಲಿಲ್ಲ.

ಟಿಕೆಟ್ ವಿಷಯ ಸುಲಭ. ಸ್ಟೂಡೆಂಟ್ ಐಡಿ ತೋರಿಸಿದರೆ ರಿಯಾಯಿತಿ, ಕೆಲವು ಕಡೆ ಪುಕ್ಕಟೆ. ಅಪ್ಪ ಅಮ್ಮನಿಗೆ ‘ಸೀನಿಯರ್’ ದರ ಇದೆಯಾ ಅಂತ ಕೇಳಿ. ಕಾರಿಲ್ಲದೆ ಡಲ್ಲಾಸ್ ಕಡೆಯಿಂದ ಡೆಂಟನ್‌ಗೆ ಹೋಗುವವರಿಗೆ ಎ-ಟ್ರೈನ್ ಇದೆ. ಆದರೆ ಹೋಗುವ ಮುಂಚೆ ವಾಪಸ್ ಬರುವ ಕೊನೆಯ ರೈಲಿನ ಟೈಮ್ ನೋಡಿಕೊಳ್ಳಿ. ಕಾರ್ಯಕ್ರಮ ಮುಗಿಯುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ.

ಹಿಂದಿನ ವಾರ: ಕಿವಿ ಸ್ವಲ್ಪ ಹದ ಮಾಡಿಕೊಳ್ಳಿ

ಅತಿಥಿಯ ಹೆಸರು ಗೊತ್ತಾದ ಕೂಡಲೇ ಅವರ ಒಂದೆರಡು ರೆಕಾರ್ಡಿಂಗ್ ಕೇಳಿ. ಅಷ್ಟೇ ಸಾಲದು, ಅವರಿಗಿಂತ ಹಿಂದಿನವರನ್ನೂ ಸ್ವಲ್ಪ ಕೇಳಿ. ನಾಲ್ಕು ಹೆಸರು ಸಾಕು.

ಟಾಮಿ ಡಾರ್ಸಿ: ನಯವಾದ, ಉದ್ದುದ್ದ ಸಾಲುಗಳು. ಉಸಿರು ಎಲ್ಲಿ ತೆಗೆದುಕೊಂಡರು ಅಂತಲೇ ಗೊತ್ತಾಗದು. ಅವರ ಬ್ಯಾಂಡಿನಲ್ಲಿ ಹಾಡುತ್ತಿದ್ದ ಫ್ರ್ಯಾಂಕ್ ಸಿನಾತ್ರ, ತಾನು ಉಸಿರು ಹಿಡಿಯುವುದನ್ನು ಕಲಿತದ್ದು ಇವರನ್ನು ನೋಡಿ ಅಂತ ಹೇಳಿಕೊಂಡಿದ್ದಾರೆ. ಎಲಿಂಗ್ಟನ್ ಬ್ಯಾಂಡಿನ ‘ಟ್ರಿಕಿ ಸ್ಯಾಮ್’ ನ್ಯಾಂಟನ್ ಟ್ರಾಂಬೋನನ್ನೇ ಮನುಷ್ಯರ ಹಾಗೆ ಮಾತಾಡಿಸಿದವರು. ಇಂಡಿಯಾನಾಪೊಲಿಸ್‌ನ ಜೆ. ಜೆ. ಜಾನ್ಸನ್ ಬೀಬಾಪ್ ಅನ್ನುವ ಬಿರುಸಿನ ಜಾಝ್ ಶೈಲಿಯ ವೇಗವನ್ನು ಈ ವಾದ್ಯಕ್ಕೆ ತಂದವರು. ಇವತ್ತಿಗೂ ಜಾಝ್ ಟ್ರಾಂಬೋನ್ ವಿದ್ಯಾರ್ಥಿಗಳು ಅವರ ಸೋಲೋಗಳನ್ನು, ಅಂದರೆ ಅವರೊಬ್ಬರೇ ಮುಂದಾಗಿ ನುಡಿಸಿದ ಭಾಗಗಳನ್ನು, ಬರೆದುಕೊಂಡು ಕಲಿಯುತ್ತಾರೆ. ನಾಲ್ಕನೆಯವರು ಮೆಲ್ಬಾ ಲಿಸ್ಟನ್. ಹೆಂಗಸರನ್ನು ಬ್ಯಾಂಡಿಗೆ ಸೇರಿಸಿಕೊಳ್ಳಲೇ ಹಿಂದೇಟು ಹಾಕುತ್ತಿದ್ದ ಕಾಲದಲ್ಲಿ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿಯ ಬಿಗ್ ಬ್ಯಾಂಡಿನಲ್ಲಿ ಟ್ರಾಂಬೋನ್ ಊದಿದರು, ಬ್ಯಾಂಡಿಗೆ ಸಂಗೀತವನ್ನೂ ಬರೆದುಕೊಟ್ಟರು.

ನಮ್ಮ ಕಡೆಯಿಂದ ಈ ಲೋಕಕ್ಕೆ ಒಂದು ದಾರಿ ಇದೆ, ಅದನ್ನೂ ಕೇಳಿ. ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಹೆಸರು ಕೇಳಿದರೆ ಸಾಕು, ಯಾವ ಕಡೆಯ ಬೇರು ಅಂತ ತಿಳಿಯುತ್ತದೆ. ಅಮೆರಿಕದಲ್ಲೇ ಬೆಳೆದ ಅವರು ಓದಿನ ಮೊದಲ ದಿನಗಳನ್ನು ಕಳೆದದ್ದು ಇದೇ ನಾರ್ತ್ ಟೆಕ್ಸಸ್‌ನಲ್ಲಿ. ಆಮೇಲೆ ಪ್ರಿನ್ಸ್‌ಟನ್ ಯೂನಿವರ್ಸಿಟಿಯ ಜಾಝ್ ವಿಭಾಗದ ನಿರ್ದೇಶಕರಾದರು. 2008ರಲ್ಲಿ ನಮ್ಮ ಕದ್ರಿ ಗೋಪಾಲನಾಥ್ ಅವರ ಜೊತೆ ಸೇರಿ ಒಂದು ಆಲ್ಬಂ ಮಾಡಿದರು. ಕದ್ರಿಯವರೇನು ಜಾಝ್‌ಗೆ ಹೊಸಬರಲ್ಲ, 1980ರ ಬಾಂಬೆ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿಯವರ ಜೊತೆ ವೇದಿಕೆ ಹತ್ತಿದ್ದರು. ಈ ಇಬ್ಬರ ಆಲ್ಬಂ ಕೇಳಿಕೊಂಡು ಹೋದವರಿಗೆ ಬಿಗ್ ಬ್ಯಾಂಡ್ ಪರಕೀಯ ಅನ್ನಿಸುವುದಿಲ್ಲ.

ಅದೇ ದಿನ ಮಧ್ಯಾಹ್ನ: ಮಾಸ್ಟರ್ ಕ್ಲಾಸ್ ತಪ್ಪಿಸಬೇಡಿ

ನನ್ನ ಪ್ರಕಾರ ಇದು ರಾತ್ರಿಯ ಕಾರ್ಯಕ್ರಮದಷ್ಟೇ ಮುಖ್ಯ. ಅತಿಥಿ ಕಲಾವಿದರು ಹಿಂದಿನ ದಿನವೋ ಅದೇ ದಿನವೋ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಾರೆ. ಬಹಳ ಕಡೆ ಹೊರಗಿನವರೂ ಕುಳಿತು ನೋಡಬಹುದು, ದುಡ್ಡಿಲ್ಲ. ಕ್ಯಾಲೆಂಡರಿನಲ್ಲಿ ಕಾಣದಿದ್ದರೆ ಸಂಗೀತ ವಿಭಾಗದ ಆಫೀಸಿಗೆ ಒಂದು ಈಮೇಲ್ ಹಾಕಿ ಕೇಳಿ.

ಅಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ಊದುತ್ತಾನೆ. ಅತಿಥಿ ಕೇಳಿಸಿಕೊಂಡು ಒಂದೇ ಒಂದು ವಿಷಯ ತಿದ್ದುತ್ತಾರೆ. ಬಹುಪಾಲು ಅದು ಉಸಿರಿನ ಬಗ್ಗೆ, ಇಲ್ಲವೇ ಲಯದ ಬಗ್ಗೆ. ‘ಊದುವುದು ಬಿಡು, ಮೊದಲು ಹಾಡಿ ತೋರಿಸು’ ಅನ್ನುತ್ತಾರೆ. ಹುಡುಗ ಸಂಕೋಚದಿಂದ ಹಾಡುತ್ತಾನೆ. ಅದನ್ನೇ ಮತ್ತೆ ಊದಿಸುತ್ತಾರೆ. ಸ್ವರಗಳು ಅವೇ, ಆದರೆ ಸಾಲಿಗೆ ಜೀವ ಬಂದಿರುತ್ತದೆ. ಸಂಗೀತದ ಮೇಷ್ಟ್ರ ಮನೆಯಲ್ಲಿ ‘ಪಿಟೀಲು ಕೆಳಗಿಡು, ಬಾಯಲ್ಲಿ ಹೇಳು’ ಅನ್ನಿಸಿಕೊಂಡವರಿಗೆ ಇದು ತೀರಾ ಪರಿಚಯದ ದೃಶ್ಯ. ಆ ಹುಡುಗ ಯಾವ ಜಾಗದಲ್ಲಿ ತಡವರಿಸಿದ, ಏನು ತಿದ್ದಿಸಿಕೊಂಡ ಅಂತ ನೆನಪಿಟ್ಟುಕೊಳ್ಳಿ. ರಾತ್ರಿ ಅವನು ವೇದಿಕೆ ಮೇಲೆ ಇರುತ್ತಾನೆ.

ಹಾಲ್‌ನಲ್ಲಿ ಎಲ್ಲಿ ಕೂರಬೇಕು

ನಡುವಿನ ಸಾಲುಗಳಲ್ಲಿ, ಮಧ್ಯಕ್ಕೆ. ಮೊದಲ ಸಾಲು ಬೇಡ. ಟ್ರಾಂಬೋನಿನ ಬಾಯಿ ನೇರ ಸಭಿಕರ ಕಡೆಗೇ ಇರುತ್ತದೆ. ಹತ್ತಿರ ಕೂತರೆ ಅದೊಂದೇ ಕೇಳಿಸಿ ಉಳಿದದ್ದೆಲ್ಲ ಮಸುಕಾಗುತ್ತದೆ. ಡೆಂಟನ್‌ನ ವಿನ್‌ಸ್ಪಿಯರ್ ಹಾಲಿನಂಥ ಒಳ್ಳೆ ಹಾಲ್‌ನಲ್ಲಿ ಹಿಂದಿನ ಸೀಟಿಗೂ ಶಬ್ದ ಚೆನ್ನಾಗಿಯೇ ಬರುತ್ತದೆ.

ಒಂದು ಸ್ವೆಟರ್ ಹಿಡಿದುಕೊಂಡು ಹೋಗಿ. ಟೆಕ್ಸಸ್‌ನಲ್ಲಿ ಹೊರಗೆ ಎಷ್ಟೇ ಸೆಕೆ ಇದ್ದರೂ ಒಳಗೆ ಎ.ಸಿ. ಚಳಿ ಹಿಡಿಸುತ್ತದೆ. ಸೂಟು ಬೂಟು ಯಾವುದೂ ಬೇಕಿಲ್ಲ. ಹೇಳಿದ ಟೈಮಿಗೆ ಶುರುವಾಗುತ್ತದೆ. ತಡವಾಗಿ ಬಂದರೆ ಒಂದು ರಚನೆ ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆ.

ಬ್ಯಾಂಡ್ ಕೂತಿರುವ ಕ್ರಮ ಹೀಗೆ. ಮುಂದೆ ಐದು ಸ್ಯಾಕ್ಸೋಫೋನ್. ಅದರ ಹಿಂದೆ ನಾಲ್ಕು ಟ್ರಾಂಬೋನ್. ಅದರ ಹಿಂದೆ, ಸ್ವಲ್ಪ ಎತ್ತರದಲ್ಲಿ, ನಾಲ್ಕೋ ಐದೋ ಟ್ರಂಪೆಟ್. ಪಕ್ಕದಲ್ಲಿ ಪಿಯಾನೋ, ಬೇಸ್, ಡ್ರಮ್ಸ್, ಗಿಟಾರ್. ಇವಿಷ್ಟನ್ನು ಸೇರಿಸಿ ರಿದಂ ಸೆಕ್ಷನ್ ಅನ್ನುತ್ತಾರೆ. ಟ್ರಾಂಬೋನ್ ಸಾಲಿನ ತುದಿಯಲ್ಲಿ ಕೊಳವೆ ದಪ್ಪ ಇರುವ ವಾದ್ಯ ಹಿಡಿದವರು ಬೇಸ್ ಟ್ರಾಂಬೋನ್. ಅತಿಥಿ ಎಲ್ಲರಿಗಿಂತ ಮುಂದೆ, ಮೈಕಿನ ಹತ್ತಿರ ನಿಲ್ಲುತ್ತಾರೆ.

ಎಣಿಸುವುದು: ಆದಿ ತಾಳ ಸಾಕು

ಹೊಸಬರು ಜಾಝ್‌ನಲ್ಲಿ ಕಳೆದುಹೋಗುವುದು ಇಲ್ಲೇ. ಎಲ್ಲಿ ಶುರುವಾಯಿತು, ಎಲ್ಲಿಗೆ ಬಂತು ಅಂತ ಗೊತ್ತಾಗುವುದಿಲ್ಲ. ಆದಿ ತಾಳ ಹಾಕಲು ಬರುವವರಿಗೆ ಈ ತೊಂದರೆ ಅರ್ಧಕ್ಕರ್ಧ ಕಡಿಮೆ.

ಹೆಚ್ಚಿನ ಸ್ವಿಂಗ್ ರಚನೆಗಳು ನಾಲ್ಕು ನಾಲ್ಕು ಎಣಿಕೆಯ ‘ಬಾರ್’ಗಳಲ್ಲಿ ಇರುತ್ತವೆ. ಎರಡು ಬಾರ್ ಅಂದರೆ ಎಂಟು ಎಣಿಕೆ, ಅಂದರೆ ಆದಿ ತಾಳದ ಒಂದು ಆವರ್ತ. ಬ್ಲೂಸ್ ಅನ್ನುವ ಬಗೆಯ ರಚನೆ ಸಾಮಾನ್ಯವಾಗಿ ಹನ್ನೆರಡು ಬಾರ್‌ಗಳದ್ದು, ಆರು ಆವರ್ತಕ್ಕೆ ಒಂದು ಸುತ್ತು ಮುಗಿಯುತ್ತದೆ. ಇನ್ನೊಂದು ಸಾಮಾನ್ಯ ಅಳತೆ 32 ಬಾರ್, ಹದಿನಾರು ಆವರ್ತ. ಅದು ನಾಲ್ಕು ಭಾಗ: ಒಂದು ಧಾಟಿ, ಮತ್ತೆ ಅದೇ, ನಡುವೆ ಬೇರೆಯದೊಂದು, ಮತ್ತೆ ಮೊದಲಿನದು. ಒಂದೊಂದು ಭಾಗಕ್ಕೂ ನಾಲ್ಕು ಆವರ್ತ. ತೊಡೆ ಮೇಲೆ ಸದ್ದಿಲ್ಲದೆ ತಾಳ ಹಾಕುತ್ತಾ ಹೋಗಿ. ಒಂದು ಸುತ್ತು ಮುಗಿಯುವ ಹೊತ್ತಿಗೆ ಸರಿಯಾಗಿ ಡ್ರಮ್ಸ್‌ನವರು ಏನೋ ಒಂದು ಸಣ್ಣ ಮುಕ್ತಾಯ ಬಾರಿಸುವುದು ಕೇಳಿಸುತ್ತದೆ.

ಒತ್ತು ಮಾತ್ರ ನಮ್ಮಲ್ಲಿರುವ ಕಡೆ ಇರುವುದಿಲ್ಲ. ಡ್ರಮ್ಸ್‌ನವರ ಎಡಗಾಲಿನ ಕೆಳಗೆ ಎರಡು ತಾಳದ ಬಟ್ಟಲು ಒಂದಕ್ಕೊಂದು ಬಡಿಯುತ್ತವೆ, ಹೈ-ಹ್ಯಾಟ್ ಅಂತ ಹೆಸರು. ಅದರ ‘ಚಿಕ್’ ಸದ್ದು ಎರಡು, ನಾಲ್ಕನೇ ಎಣಿಕೆಗೆ ಬೀಳುತ್ತದೆ. ಆದಿ ತಾಳದಲ್ಲಿ ನೋಡಿ: ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಹೈ-ಹ್ಯಾಟ್ ಸದ್ದು ಸರಿಯಾಗಿ ಕಿರುಬೆರಳು, ನಡುಬೆರಳು ಮತ್ತು ಎರಡೂ ಹುಸಿಗಳ ಮೇಲೆ ಬರುತ್ತದೆ. ನಾವು ಪೆಟ್ಟು ಹಾಕುವ ಕಡೆ ಅವರು ಹಗುರ, ನಾವು ಅಂಗೈ ಮಗುಚುವ ಕಡೆ ಅವರ ಒತ್ತು. ಇದನ್ನು ಒಂದು ರಚನೆ ಪೂರ್ತಿ ಕೈಯಲ್ಲಿ ಹಿಡಿದು ನೋಡಿ, ಸ್ವಿಂಗ್ ಅಂದರೆ ಏನು ಅಂತ ಯಾರೂ ವಿವರಿಸಬೇಕಾಗಿಲ್ಲ. ಸಭೆಯೆಲ್ಲ ಚಪ್ಪಾಳೆ ಹಾಕುವ ಸಂದರ್ಭ ಬಂದರೆ ನೀವೂ ಎರಡು, ನಾಲ್ಕಕ್ಕೇ ಹಾಕಿ.

ಒಂದು ರಚನೆ ಸಾಗುವ ದಾರಿ ಹೆಚ್ಚು ಕಡಿಮೆ ಹೀಗಿರುತ್ತದೆ. ಮೊದಲು ಬ್ಯಾಂಡ್ ಸೇರಿ ಮೂಲ ಧಾಟಿಯನ್ನು ನುಡಿಸುತ್ತದೆ, ಅದು ‘ಹೆಡ್’. ನಂತರ ಸೋಲೋಗಳು, ಅದೇ ಸುತ್ತಿನ ಮೇಲೆ ಮನೋಧರ್ಮ. ಸೋಲೋ ಏರುತ್ತಿದ್ದಂತೆ ಹಿಂದಿನ ಸಾಲುಗಳು ಚಿಕ್ಕ ಚಿಕ್ಕ ಪದಗಳನ್ನು ಸೇರಿಸುತ್ತವೆ. ಕೊನೆಗೆ ಇಡೀ ಬ್ಯಾಂಡ್ ಒಟ್ಟಿಗೆ ಗಟ್ಟಿಯಾಗಿ ಊದುವ ‘ಶೌಟ್ ಕೋರಸ್’, ಆಮೇಲೆ ಮತ್ತೆ ಹೆಡ್.

ಟ್ರಾಂಬೋನ್ ಕೈಯನ್ನು ನೋಡಿ

ಈ ವಾದ್ಯದ ಕಷ್ಟ ಏನು ಅಂತ ಗೊತ್ತಿದ್ದರೆ ಸಂತೋಷ ದುಪ್ಪಟ್ಟು. ಬಿಚ್ಚಿ ಹಾಸಿದರೆ ಸುಮಾರು ಒಂಬತ್ತು ಅಡಿ ಉದ್ದದ ಹಿತ್ತಾಳೆ ಕೊಳವೆ. ಬಲಗೈಯಲ್ಲಿ ಜಾರಿಸುವ ಸ್ಲೈಡ್‌ಗೆ ಏಳು ನಿಲುಗಡೆಗಳು. ಅವುಗಳಿಗೆ ಗುರುತು ಇರುವುದಿಲ್ಲ, ಗೆರೆ ಇರುವುದಿಲ್ಲ. ಮೂರನೆಯದು ವಾದ್ಯದ ಅಗಲ ಬಾಯಿಯ ಅಂಚಿನ ಹತ್ತಿರ, ನಾಲ್ಕನೆಯದು ಅದನ್ನು ದಾಟಿ ಸ್ವಲ್ಪ ಮುಂದೆ, ಹೀಗೆ ಒಂದು ಅಂದಾಜು. ಉಳಿದದ್ದು ಕಿವಿಯ ಕೆಲಸ. ಪಿಟೀಲಿನವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಜಾರು ಇಷ್ಟಪಡುವ ನಮ್ಮ ಕಿವಿಗೆ ಟ್ರಾಂಬೋನ್ ಕೂಡಲೇ ಹತ್ತಿರವಾಗುತ್ತದೆ. ಆದರೆ ಆ ಜಾರಿಗೂ ಒಂದು ಮಿತಿ ಇದೆ. ತುಟಿ ಬದಲಾಯಿಸದೆ ಸ್ಲೈಡ್ ಒಂದರಿಂದಲೇ ಏಳನೇ ನಿಲುಗಡೆಯಿಂದ ಮೊದಲನೆಯದಕ್ಕೆ ಬಂದರೆ ಸಿಗುವ ದೂರ ಷಡ್ಜದಿಂದ ಪ್ರತಿ ಮಧ್ಯಮದಷ್ಟು. ಅದಕ್ಕಿಂತ ಮುಂದೆ ಹೋಗಬೇಕಾದರೆ ತುಟಿಯ ಬಿಗಿ ಬದಲಾಗಬೇಕು. ಇನ್ನೊಂದು ವಿಷಯ: ಎರಡು ಸ್ವರಗಳ ನಡುವೆ ಸುಮ್ನೆ ಸ್ಲೈಡ್ ಎಳೆದರೆ ಅಲ್ಲಿ ಜಾರು ಬಂದೇ ಬರುತ್ತದೆ. ಅದು ಬೇಡವಾದ ಕಡೆ ನಾಲಿಗೆ ತಟ್ಟಿ ಸ್ವರಗಳನ್ನು ಬಿಡಿಸಬೇಕು. ವೇಗ ಹೆಚ್ಚಾದಾಗ ‘ಡೂಡ್ಲ್, ಡೂಡ್ಲ್’ ಅನ್ನುವ ಹಾಗೆ ನಾಲಿಗೆ ಆಡಿಸುತ್ತಾರೆ. ಬಾಯಲ್ಲೇ ಮೃದಂಗದ ಸೊಲ್ಲು ಹೇಳುವ ನಮ್ಮ ಕೊನ್ನಕೋಲಿನವರು ಇದನ್ನು ಕೇಳಿದರೆ ಖಂಡಿತ ತಲೆದೂಗುತ್ತಾರೆ.

ಅತಿಥಿ ಕುರ್ಚಿಯ ಪಕ್ಕದಿಂದ ಒಂದು ರಬ್ಬರ್ ಬಟ್ಟಲು ಎತ್ತಿಕೊಂಡರೆ ಸೀಟಿನ ತುದಿಗೆ ಬನ್ನಿ. ಸಿಂಕ್ ಕಟ್ಟಿಕೊಂಡಾಗ ಒತ್ತುವ ಪ್ಲಂಜರ್ ಇರುತ್ತದಲ್ಲ, ಅದರ ಕೋಲು ತೆಗೆದರೆ ಉಳಿಯುವುದೇ ಇದು. ಹಾರ್ಡ್‌ವೇರ್ ಅಂಗಡಿಯಿಂದಲೇ ತಂದದ್ದು. ವಾದ್ಯದ ಭಾರ ಭುಜದ ಮೇಲೆ ಒರಗುತ್ತದೆ, ಬಲಗೈ ಸ್ಲೈಡ್ ಹಿಡಿದಿರುತ್ತದೆ, ಎಡಗೈ ಈ ಬಟ್ಟಲನ್ನು ವಾದ್ಯದ ಬಾಯಿಗೆ ಮುಚ್ಚಿ ತೆಗೆದು ಮಾಡುತ್ತದೆ. ಮುಚ್ಚಿದಾಗ ‘ಊ’, ತೆಗೆದಾಗ ‘ಆ’. ಅದರ ಒಳಗೆ ಗಂಟಲಿನ ಗುರುಗುಟ್ಟುವಿಕೆ ಸೇರಿದರೆ ಮನುಷ್ಯ ಗೊಣಗಿದಂತೆ, ಬೇಡಿದಂತೆ, ಜಗಳ ತೆಗೆದಂತೆ ಕೇಳಿಸುತ್ತದೆ. ಟ್ರಿಕಿ ಸ್ಯಾಮ್ ಹಾಕಿಕೊಟ್ಟ ದಾರಿ ಇದು. ಆಗ ಹಿಂದಿನ ಸಾಲು ನೋಡಿ. ಅತಿಥಿ ಹಾಕಿದ ‘ವಾ-ವಾ’ಗೆ ನಾಲ್ವರು ವಿದ್ಯಾರ್ಥಿಗಳೂ ಬಟ್ಟಲು ಎತ್ತಿ ಉತ್ತರ ಕೊಡಬೇಕು. ನಾಲ್ಕು ಎಡಗೈಗಳು ಒಂದೇ ಕ್ಷಣಕ್ಕೆ ತೆರೆದರೆ ಸೆಕ್ಷನ್ ಗಟ್ಟಿ ಇದೆ ಅಂತ ಅರ್ಥ. ಒಂದು ಕೈ ತಡವಾದರೆ ಕಣ್ಣಿಗೇ ಗೊತ್ತಾಗುತ್ತದೆ, ಮರುಸುತ್ತಿನಲ್ಲಿ ಆ ಕೈ ಸರಿಹೋಗುವುದೂ ಕಾಣುತ್ತದೆ.

ನಡುನಡುವೆ ಅವರು ಸ್ಲೈಡಿನ ತುದಿಯಿಂದ ನೀರು ಬಸಿಯುವುದನ್ನು ಕಂಡು ಮುಖ ಸಿಂಡರಿಸಬೇಡಿ. ಅದು ಬಹುಪಾಲು ಉಸಿರಿನ ಹಬೆ ತಣ್ಣಗಾಗಿ ಆದ ನೀರು.

ನಿಧಾನ ಗತಿಯ ಬ್ಯಾಲಡ್ ಬಂದಾಗ ತಾಳ ಹಾಕುವುದು ಬಿಟ್ಟು ಕಣ್ಣು ಮುಚ್ಚಿ ಕೇಳಿ. ವೇಗದಲ್ಲಿ ಬಚ್ಚಿಡಬಹುದಾದದ್ದನ್ನು ನಿಧಾನದಲ್ಲಿ ಬಚ್ಚಿಡಲಾಗದು. ಶ್ರುತಿ, ಉಸಿರು, ಸ್ವರದ ಕೊನೆ ಎಲ್ಲವೂ ತೆರೆದಿಟ್ಟ ಹಾಗಿರುತ್ತದೆ. ಅತಿಥಿ ಎಂಥವರು ಅಂತ ನನಗೆ ತಿಳಿಯುವುದು ಇಲ್ಲೇ.

ಕಾರ್ಯಕ್ರಮದ ಕೊನೆಯ ಕಡೆಗೆ ಅತಿಥಿ ಹಿಂದಕ್ಕೆ ತಿರುಗಿ ಒಬ್ಬ ವಿದ್ಯಾರ್ಥಿನಿಯನ್ನು ಮುಂದೆ ಕರೆಯುವುದುಂಟು. ಇಬ್ಬರೂ ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ಊದುತ್ತಾರೆ. ಆದಿ ತಾಳದಲ್ಲಿ ಎರಡೆರಡು ಆವರ್ತ. ಕಛೇರಿಯಲ್ಲಿ ಪಿಟೀಲು, ಕೊಳಲು ಸ್ವರ ಹಂಚಿಕೊಳ್ಳುವ ಹಾಗೆಯೇ. ಅತಿಥಿ ಬೇಕೆಂದೇ ಒಂದು ಚಿಕ್ಕ ಪದವನ್ನು ಬಿಟ್ಟುಕೊಡುತ್ತಾರೆ. ಹುಡುಗಿ ಅದನ್ನು ಹಿಡಿದು ಬೆಳೆಸುತ್ತಾಳೋ, ತಯಾರು ಮಾಡಿಕೊಂಡು ಬಂದದ್ದನ್ನೇ ಊದುತ್ತಾಳೋ ಅಂತ ಗಮನಿಸಿ. ಹಿಡಿದಳು ಅಂದರೆ ಇಡೀ ಬ್ಯಾಂಡಿನ ಮುಖದಲ್ಲಿ ನಗು ಬರುತ್ತದೆ.

ಚಪ್ಪಾಳೆ, ಫೋನ್, ಮಕ್ಕಳು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಇರುವ ಹಾಗೆ ಕೊನೆಯವರೆಗೆ ಕಾಯಬೇಕಿಲ್ಲ. ಒಬ್ಬೊಬ್ಬರ ಸೋಲೋ ಮುಗಿದ ಕೂಡಲೇ, ರಚನೆ ನಡೆಯುತ್ತಿರುವಾಗಲೇ ಚಪ್ಪಾಳೆ ತಟ್ಟಬೇಕು. ಚೆನ್ನಾಗಿದ್ದರೆ ‘ಯೆಸ್’, ‘ಯೇ’ ಅಂತ ಕೂಗುವವರಿದ್ದಾರೆ. ನಾವು ‘ಭೇಷ್’ ಅನ್ನುವುದಿಲ್ಲವೇ, ಹಾಗೆ. ವಿದ್ಯಾರ್ಥಿಯ ಸೋಲೋಗೂ ಅಷ್ಟೇ ಜೋರಾಗಿ ತಟ್ಟಿ. ರೆಕಾರ್ಡಿಂಗ್ ಬೇಡ, ಹೆಚ್ಚಿನ ಕಡೆ ಅನುಮತಿ ಇಲ್ಲ. ಚಿಕ್ಕ ಮಕ್ಕಳನ್ನು ಕರೆತಂದರೆ ಹಾದಿಯ ಪಕ್ಕದ ಸೀಟು ಹಿಡಿಯಿರಿ. ಹಾಲ್‌ನಲ್ಲಿ ವಯಸ್ಸಿನ ನಿಯಮ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಊರಲ್ಲಿರುವವರಿಗೂ ತೋರಿಸಬೇಕು ಅನ್ನಿಸಿದರೆ ಲೈವ್‌ಸ್ಟ್ರೀಮ್ ಇದೆಯಾ ನೋಡಿ, ಈಗ ಬಹಳ ಯೂನಿವರ್ಸಿಟಿಗಳು ಕೊಡುತ್ತವೆ. ಟೆಕ್ಸಸ್‌ನಲ್ಲಿ ಸಂಜೆ ಏಳೂವರೆ ಅಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಗ್ಗೆ ಆರು ಗಂಟೆ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್‌ವರೆಗೆ ಏಳು ಗಂಟೆ. ಕಾಫಿ ಹೊತ್ತಿಗೆ ಸರಿಹೋಗುತ್ತದೆ.

ಮುಗಿದ ಮೇಲೆ

ತಕ್ಷಣ ಕಾರಿನ ಕಡೆ ಓಡಬೇಡಿ. ಅತಿಥಿಗಳು ಸಾಮಾನ್ಯವಾಗಿ ಲಾಬಿಗೆ ಬರುತ್ತಾರೆ, ಮಾತಾಡಿಸಬಹುದು. ‘ತುಂಬಾ ಚೆನ್ನಾಗಿತ್ತು’ ಅನ್ನುವುದಕ್ಕಿಂತ ‘ಆ ಬ್ಯಾಲಡ್‌ನ ಕೊನೆಯ ಸ್ವರ’ ಅಂತ ಒಂದು ಜಾಗ ಹಿಡಿದು ಹೇಳಿ, ಮಾತು ತಾನಾಗಿ ಮುಂದುವರಿಯುತ್ತದೆ. ನಮ್ಮ ಜಾರು, ಗಮಕದ ಬಗ್ಗೆ ಎರಡು ಮಾತು ಹೇಳಿದರೆ ಟ್ರಾಂಬೋನಿನವರು ಕಿವಿ ನಿಮಿರಿಸಿ ಕೇಳುತ್ತಾರೆ. ಪಕ್ಕದಲ್ಲೇ ವಾದ್ಯ ಪೆಟ್ಟಿಗೆಗೆ ಹಾಕುತ್ತಿರುವ ವಿದ್ಯಾರ್ಥಿಗಳನ್ನೂ ಮಾತಾಡಿಸಿ. ಅತಿಥಿಯ ಸುತ್ತ ಜನ ಜಾಸ್ತಿ, ಇವರ ಹತ್ತಿರ ಹೋಗುವವರು ಕಡಿಮೆ.

ಆಮೇಲೆ ಎರಡು ಮೂರು ವಾರ ಬಿಟ್ಟು ಅದೇ ಬ್ಯಾಂಡಿನ ಅತಿಥಿ ಇಲ್ಲದ ಕಾರ್ಯಕ್ರಮಕ್ಕೆ ಹೋಗಿ. ಅದಕ್ಕೆ ಎಷ್ಟೋ ಸಲ ಟಿಕೆಟ್ ಇರುವುದಿಲ್ಲ, ಸೀಟುಗಳೂ ಸುಲಭವಾಗಿ ಸಿಗುತ್ತವೆ. ಮಾಸ್ಟರ್ ಕ್ಲಾಸಿನಲ್ಲಿ ತಿದ್ದಿಸಿಕೊಂಡ ಹುಡುಗ ಈಗ ಉಸಿರನ್ನು ಎಲ್ಲಿ ತೆಗೆದುಕೊಳ್ಳುತ್ತಾನೆ, ಪ್ಲಂಜರ್ ಕೈಗಳು ಒಟ್ಟಿಗೆ ತೆರೆಯುತ್ತವೆಯೇ ಅಂತ ನೋಡಿ.